ಮಂಡಿನೋವು: ತಾಯಿಯಿಂದ ಮಗಳಿಗೆ ಬರುವ ಬಳುವಳಿಯೇ?

"ನಮ್ಮಮ್ಮನಿಗೂ ಮಂಡಿನೋವಿತ್ತು, ಅಜ್ಜಿಗೂ ಇತ್ತು. ಇನ್ನು ನನಗೆ ಬರದೆ ಇರುತ್ತದೆಯೇ ಡಾಕ್ಟ್ರೇ?" ಐವತ್ತರ ಆಸುಪಾಸಿನ ಗೃಹಿಣಿಯರಿಂದ ವೈದ್ಯರು ಮತ್ತೆ ಮತ್ತೆ ಕೇಳುವ ಮಾತಿದು. ಕೆಲವರಿಗೆ ಇದು ಭಯದ ಮಾತು. ಇನ್ನು ಕೆಲವರಿಗೆ ಒಂದು ಬಗೆಯ ಸಮಾಧಾನದ ಮಾತು. ಮನೆತನದ ಕಾಯಿಲೆ ಎಂದ ಮೇಲೆ ಮಾಡುವುದೇನಿದೆ ಎಂದುಕೊಂಡು ಅವರು ಓಡಾಟ ಬಿಡುತ್ತಾರೆ, ಕುರ್ಚಿ ಹಿಡಿದು ಕೂರುತ್ತಾರೆ, ಸಿಕ್ಕಿದ ನೋವಿನ ಮಾತ್ರೆ ನುಂಗುತ್ತಾರೆ. ಮಂಡಿನೋವಿಗಿಂತ ಹೆಚ್ಚಿನ ಹಾನಿ ಆಗುವುದು ಇಲ್ಲೇ. ಹಾಗಾದರೆ ಈ ನೋವಿನಲ್ಲಿ ವಂಶದ ಪಾಲು ಎಷ್ಟು, ನಮ್ಮ ಪಾಲು ಎಷ್ಟು? ಈ ವಾರ ಅದನ್ನು ನೋಡೋಣ.

ಕೀಲಿನೊಳಗೆ ಆಗುವುದೇನು?

ಎರಡು ಮೂಳೆಗಳು ಸೇರುವ ಜಾಗದಲ್ಲಿ ಅವುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಕೀಲು ಸರಾಗವಾಗಿ ಆಡುವುದು ಇದರಿಂದ. ಈ ಹೊದಿಕೆ ತೆಳುವಾಗಿ, ಒರಟಾಗಿ, ಕ್ರಮೇಣ ಸವೆಯುವುದೇ ಆಸ್ಟಿಯೋ ಆರ್ಥ್ರೈಟಿಸ್, ಅಂದರೆ ಕೀಲುಸವೆತ. ಮೃದ್ವಸ್ಥಿ ಒಂದೇ ಅಲ್ಲ, ಅದರಡಿಯ ಮೂಳೆ, ಕೀಲಿನ ಒಳಪೊರೆ, ಸುತ್ತಲಿನ ಸ್ನಾಯು ಎಲ್ಲವೂ ಇದರಲ್ಲಿ ಕೆಡುತ್ತವೆ. ಮೂಳೆಯ ಅಂಚಿನಲ್ಲಿ ಸಣ್ಣ ಮುಳ್ಳುಗಳಂತೆ ಹೊಸ ಮೂಳೆ ಬೆಳೆಯುತ್ತದೆ. ಮೆಟ್ಟಿಲು ಹತ್ತಿಳಿಯುವಾಗ ನೋವು, ಬಹಳ ಹೊತ್ತು ಕುಳಿತು ಎದ್ದಾಗ ಹಿಡಿದಂತಾಗುವುದು, ಮಂಡಿ ಮಡಿಸಿದಾಗ ಕಟಕಟ ಸದ್ದು – ಇವು ಇದರ ಲಕ್ಷಣಗಳು. ಬೆಳಿಗ್ಗೆ ಎದ್ದಾಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲಗೊಳ್ಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನ ಸುಮಾರು 52 ಕೋಟಿ 80 ಲಕ್ಷ ಜನರಿಗೆ ಈ ತೊಂದರೆ ಇತ್ತು. ಅವರಲ್ಲಿ ಶೇ 60ರಷ್ಟು ಮಂದಿ ಮಹಿಳೆಯರು. ಎಲ್ಲಕ್ಕಿಂತ ಹೆಚ್ಚು ತೊಂದರೆಗೊಳಗಾಗುವ ಕೀಲು ಮಂಡಿ.

ಬೆರಳ ಗಂಟು ಹೇಳಿದ ಕಥೆ

ವಯಸ್ಸಾದ ಕೆಲವು ಹೆಂಗಸರ ಕೈಬೆರಳಿನ ತುದಿಯ ಕೀಲುಗಳಲ್ಲಿ ಬಟಾಣಿಯಷ್ಟು ಗಟ್ಟಿ ಗಂಟುಗಳನ್ನು ನೀವು ನೋಡಿರಬಹುದು. ಇವನ್ನು ವಿವರಿಸಿದವರು ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್. ಅವರ ಗ್ರಂಥ ಪ್ರಕಟವಾದದ್ದು ಅವರ ನಿಧನಾನಂತರ, 1802ರಲ್ಲಿ. ಗಂಟುಗಳಿಗೆ ಇಂದಿಗೂ ಅವರದೇ ಹೆಸರು. 1941ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಸ್ಟೆಚರ್ ಇಂಥ ಗಂಟುಗಳಿದ್ದ ಮಹಿಳೆಯರ ಕುಟುಂಬಗಳನ್ನು ಪರಿಶೀಲಿಸಿದಾಗ, ಅವರ ತಾಯಂದಿರಲ್ಲಿ ಗಂಟುಗಳು ಇತರರಿಗಿಂತ ಎರಡು ಪಟ್ಟು, ಅಕ್ಕತಂಗಿಯರಲ್ಲಿ ಮೂರು ಪಟ್ಟು ಹೆಚ್ಚಾಗಿದ್ದವು. ಕೀಲುಸವೆತ ಮನೆತನದಲ್ಲಿ ಹರಿಯುತ್ತದೆ ಎಂಬ ಅಜ್ಜಿಯರ ಮಾತಿಗೆ ಹೀಗೆ ಪುರಾವೆ ಸಿಕ್ಕಿತು.

ಆದರೆ ಒಂದು ಮನೆಯವರು ವಂಶವಾಹಿಗಳನ್ನಷ್ಟೇ ಹಂಚಿಕೊಳ್ಳುವುದಿಲ್ಲ. ಊಟ, ಕೆಲಸ, ಅಭ್ಯಾಸಗಳನ್ನೂ ಹಂಚಿಕೊಳ್ಳುತ್ತಾರೆ. ಇವೆರಡನ್ನು ಬೇರ್ಪಡಿಸುವುದು ಹೇಗೆ? ಅದಕ್ಕೆ ಅವಳಿಗಳ ಅಧ್ಯಯನ ನೆರವಾಯಿತು. ತದ್ರೂಪಿ ಅವಳಿಗಳಲ್ಲಿ ವಂಶವಾಹಿಗಳು ಒಂದೇ ಆಗಿರುತ್ತವೆ. ಉಳಿದ ಅವಳಿಗಳಲ್ಲಿ ಸರಾಸರಿ ಅರ್ಧದಷ್ಟು ಮಾತ್ರ ಸಮಾನ. 1996ರಲ್ಲಿ ಬ್ರಿಟನ್ನಿನಲ್ಲಿ 48ರಿಂದ 70 ವರ್ಷದ ಮಹಿಳೆಯರಲ್ಲಿ 130 ಜೋಡಿ ತದ್ರೂಪಿ ಅವಳಿಗಳನ್ನೂ 120 ಜೋಡಿ ಇತರ ಅವಳಿಗಳನ್ನೂ ಎಕ್ಸ್‌ರೇ ತೆಗೆದು ಹೋಲಿಸಿದರು. ಕೈ ಮತ್ತು ಮಂಡಿಯ ಕೀಲುಸವೆತದಲ್ಲಿ ಅನುವಂಶೀಯತೆಯ ಪಾಲು ಶೇ 39ರಿಂದ 65 ಎಂದು ಕಂಡುಬಂತು.

ಈ ಅಂಕಿಯನ್ನು ತಪ್ಪಾಗಿ ತಿಳಿಯುವವರೇ ಹೆಚ್ಚು. "ನನಗೆ ಕಾಯಿಲೆ ಬರುವ ಸಾಧ್ಯತೆ ಶೇ 50" ಎಂದು ಇದರ ಅರ್ಥವಲ್ಲ. ಒಂದು ಊರಿನ ಒಂದೇ ವಯಸ್ಸಿನ ಹೆಂಗಸರಲ್ಲಿ ಒಬ್ಬರಿಗೆ ಮಂಡಿ ಸವೆದಿದೆ, ಇನ್ನೊಬ್ಬರಿಗೆ ಇಲ್ಲ ಎಂದಿಟ್ಟುಕೊಳ್ಳಿ. ಇಂಥ ವ್ಯತ್ಯಾಸಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ವಂಶವಾಹಿಗಳು ಕಾರಣ, ಉಳಿದರ್ಧಕ್ಕೆ ಬದುಕಿನ ರೀತಿಯೂ ಸೇರಿದಂತೆ ವಂಶವಾಹಿಯಲ್ಲದ ಇತರ ಅಂಶಗಳು ಕಾರಣ – ಇಷ್ಟೇ ಇದರ ಅರ್ಥ.

ಹಂದಿಗೋಡಿನ ಪಾಠ

ವಂಶವಾಹಿಯೊಂದೇ ಕೀಲನ್ನು ಕೆಡಿಸಬಲ್ಲ ಕಾಯಿಲೆಗಳೂ ಇವೆ. ಇದಕ್ಕೆ ಉದಾಹರಣೆ ನಮ್ಮ ಮಲೆನಾಡಿನಲ್ಲೇ ಇದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ 1974-75ರ ಸುಮಾರಿಗೆ ಒಂದು ವಿಚಿತ್ರ ಕೀಲುಬೇನೆ ಬೆಳಕಿಗೆ ಬಂತು. ಸೊಂಟದ ಕೀಲು ಸವೆದು ದುಡಿಯುವ ವಯಸ್ಸಿನವರೇ ನಡೆಯಲಾರದೆ ಹೋದರು. ಕೆಲವರಲ್ಲಿ ಬೆನ್ನುಮೂಳೆಯೂ ಕೆಟ್ಟಿತ್ತು. ಇನ್ನು ಕೆಲವರು ಬೆಳವಣಿಗೆ ಕುಂಠಿತವಾಗಿ ಕುಳ್ಳಗೆ ಉಳಿದರು. ಗದ್ದೆಯ ಏಡಿ ತಿಂದದ್ದರಿಂದ ಬಂತು, ಗದ್ದೆಗೆ ಹೊಡೆದ ಕ್ರಿಮಿನಾಶಕದಿಂದ ಬಂತು ಎಂಬ ಅನುಮಾನ ಆಗ ಬಲವಾಗಿತ್ತು. ಮುಂದೆ ಕುಟುಂಬಗಳ ವಂಶಾವಳಿಯನ್ನು ತಲೆಮಾರುಗಳ ಉದ್ದಕ್ಕೂ ಬಿಡಿಸಿ ನೋಡಿದ ತಜ್ಞರು ಇದು ಮೂಳೆಯ ಬೆಳವಣಿಗೆಗೆ ಸಂಬಂಧಿಸಿದ ಅನುವಂಶೀಯ ಕಾಯಿಲೆ ಎಂದು ಗುರುತಿಸಿದರು. ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೂ ಸಾಕು, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು. ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಯಂತೂ ಅಲ್ಲ.

ನಿಮ್ಮ ಅಮ್ಮನ ಮಂಡಿನೋವು ಈ ಬಗೆಯದಲ್ಲ. ಹಂದಿಗೋಡು ಕಾಯಿಲೆಯಂಥವು ಅಪರೂಪ, ಎಳೆಯ ವಯಸ್ಸಿನಲ್ಲೇ ಕಾಣುತ್ತವೆ, ಒಂದೇ ವಂಶವಾಹಿಯ ದೋಷದಿಂದ ಬರುತ್ತವೆ. ಐವತ್ತರ ನಂತರದ ಸಾಮಾನ್ಯ ಕೀಲುಸವೆತದ ಲೆಕ್ಕವೇ ಬೇರೆ.

ನೂರಾರು ವಂಶವಾಹಿಗಳು, ಒಂದೊಂದರದು ಅಲ್ಪ ಪಾಲು

ಸಾಮಾನ್ಯ ಕೀಲುಸವೆತಕ್ಕೆ ಒಂದು ವಂಶವಾಹಿಯನ್ನು ಹೊಣೆ ಮಾಡುವಂತಿಲ್ಲ. 2007ರಲ್ಲಿ ಜಪಾನಿನ ವಿಜ್ಞಾನಿಗಳು 'ಜಿಡಿಎಫ್-5' ಎಂಬ ವಂಶವಾಹಿಯ ಒಂದು ರೂಪಕ್ಕೂ ಕೀಲುಸವೆತಕ್ಕೂ ಸಂಬಂಧವಿದೆಯೆಂದು ತೋರಿಸಿದರು. ತಾಯಿಯ ಗರ್ಭದಲ್ಲಿ ಮಗುವಿನ ಕೀಲುಗಳು ರೂಪುಗೊಳ್ಳುವಾಗ ಕೆಲಸ ಮಾಡುವ ವಂಶವಾಹಿ ಇದು. ಅನಂತರ ಹುಡುಕಾಟ ಬಹಳ ದೂರ ಸಾಗಿದೆ. 2025ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು 20 ಲಕ್ಷ ಜನರ ಮಾಹಿತಿಯನ್ನು ಜಾಲಾಡಿ, ಕೀಲುಸವೆತಕ್ಕೆ ಸಂಬಂಧಿಸಿದ 962 ಅನುವಂಶೀಯ ವ್ಯತ್ಯಾಸಗಳನ್ನು ಪಟ್ಟಿ ಮಾಡಲಾಯಿತು.

ಇಷ್ಟೊಂದು ವ್ಯತ್ಯಾಸಗಳು ಮಾಡುವುದೇನು? ಕೆಲವು ಮೃದ್ವಸ್ಥಿಯ ಗಟ್ಟಿತನವನ್ನು ನಿರ್ಧರಿಸುತ್ತವೆ. ಕೆಲವು ಕೀಲಿನ ಆಕಾರವನ್ನು ಬದಲಿಸುತ್ತವೆ. ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರದಿದ್ದರೆ ಒಂದೇ ಮೂಲೆ ಉಜ್ಜಿ ಸವೆಯುವಂತೆ, ಆಕಾರ ಹೊಂದದ ಕೀಲು ಬೇಗ ಸವೆಯುತ್ತದೆ. ಇನ್ನು ಕೆಲವು ಮೈತೂಕದ ಮೂಲಕ ಕೆಲಸ ಮಾಡುತ್ತವೆ. ಒಂದೊಂದರ ಪ್ರಭಾವ ಬಹಳ ಅಲ್ಪ. ಹಾಗಾಗಿ "ನಿಮ್ಮ ಮಂಡಿ ಇಂಥ ವರ್ಷ ಕೈಕೊಡುತ್ತದೆ" ಎಂದು ರಕ್ತ ಪರೀಕ್ಷೆ ಮಾಡಿ ಹೇಳಲು ಬರುವುದಿಲ್ಲ. ಅಂಥ ಪರೀಕ್ಷೆಗೆ ಹಣ ಸುರಿಯಬೇಡಿ. ತಾಯಿಗೆ, ಅಕ್ಕನಿಗೆ ಮಂಡಿನೋವು ಇತ್ತೇ ಎಂಬ ಸರಳ ಪ್ರಶ್ನೆ ಸಾಕು. ಹೌದೆಂದಾದರೆ ಅದನ್ನು ಮುನ್ನೆಚ್ಚರಿಕೆಯಾಗಿ ತೆಗೆದುಕೊಳ್ಳಿ.

ಅಡುಗೆಮನೆಯಲ್ಲಿ ಬಂದ ಆಸ್ತಿ

ಅಜ್ಜಿಯಿಂದ ಬಂದದ್ದೆಲ್ಲ ರಕ್ತದಲ್ಲೇ ಬಂದಿರುವುದಿಲ್ಲ. ಮನೆಯವರೆಲ್ಲ ಉಂಡ ಮೇಲೆ ಮಿಕ್ಕಿದ ಅನ್ನ ದಂಡವಾಗಬಾರದೆಂದು ತಾನು ತಿನ್ನುವುದು, ಮಧ್ಯಾಹ್ನ ಉಂಡೊಡನೆ ಮಲಗುವುದು, ದಿನಕ್ಕೆ ಐದು ಲೋಟ ಸಕ್ಕರೆ ಕಾಫಿ, ಮನೆಗೆಲಸವೇ ವ್ಯಾಯಾಮವೆಂಬ ನಂಬಿಕೆ – ಇವೂ ತಾಯಿಯಿಂದ ಮಗಳಿಗೆ ಬರುತ್ತವೆ. ಇವನ್ನು ಬಿಡಲು ವಂಶವಾಹಿ ಅಡ್ಡ ಬರುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಮೈತೂಕ. ಸುಮ್ಮನೆ ನಡೆಯುವಾಗಲೇ ಮಂಡಿಯ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಮಂಡಿ ಸವೆದ ಸ್ಥೂಲಕಾಯದವರಲ್ಲಿ ನಡೆಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಒಂದು ಕಿಲೋ ತೂಕ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು ಅದರಲ್ಲಿ ಕಂಡುಬಂತು. ದಿನಕ್ಕೆ ಸಾವಿರಾರು ಹೆಜ್ಜೆಗಳ ಲೆಕ್ಕ ಹಾಕಿ ನೋಡಿ! ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದ ಮಹಿಳೆಯರಲ್ಲಿ ನಡೆದ, 1992ರಲ್ಲಿ ಪ್ರಕಟವಾದ ಅಧ್ಯಯನದಂತೆ, ಹತ್ತು ವರ್ಷಗಳಲ್ಲಿ ಸುಮಾರು 5 ಕಿಲೋ ಇಳಿಸಿದವರಲ್ಲಿ ನೋವಿನ ಮಂಡಿಸವೆತದ ಸಂಭವ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗಿತ್ತು. ತಾಯಿಯನ್ನು ಬದಲಿಸಲಾಗದು, ಐದು ಕಿಲೋ ಇಳಿಸಬಹುದಲ್ಲವೇ?

ಸ್ನಾಯುವೇ ಮಂಡಿಗೆ ಊರುಗೋಲು

ತೊಡೆಯ ಮುಂಭಾಗದ ಸ್ನಾಯು ಬಲವಾಗಿದ್ದರೆ ಮಂಡಿಯ ಭಾರವನ್ನು ಅದು ಹಂಚಿಕೊಳ್ಳುತ್ತದೆ. ನೋವೆಂದು ಕುಳಿತರೆ ಮೊದಲು ಸೊರಗುವುದು ಈ ಸ್ನಾಯು. ಸೊರಗಿದರೆ ನೋವು ಇನ್ನೂ ಹೆಚ್ಚುತ್ತದೆ. ಮನೆಯಲ್ಲೇ ಮಾಡಬಹುದಾದ ಮೂರು ವ್ಯಾಯಾಮಗಳು ಇಲ್ಲಿವೆ.

1. ಕುರ್ಚಿಯಲ್ಲಿ ಬೆನ್ನು ಒರಗಿಸಿ ಕುಳಿತು ಒಂದು ಕಾಲನ್ನು ನೇರವಾಗಿ ಮುಂದಕ್ಕೆ ಚಾಚಿ. ಐದು ಎಣಿಸಿ ನಿಧಾನವಾಗಿ ಇಳಿಸಿ.

2. ಮಲಗಿಕೊಂಡು ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಮಂಡಿಯಿಂದ ಅದನ್ನು ಒತ್ತಿ ಹಿಡಿಯಿರಿ. ಐದು ಎಣಿಸಿ ಬಿಡಿ.

3. ಗಟ್ಟಿಯಾದ, ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಮತ್ತೆ ನಿಧಾನವಾಗಿ ಕುಳಿತುಕೊಳ್ಳಿ. ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟುಕೊಳ್ಳಿ.

ಒಂದೊಂದನ್ನೂ ಹತ್ತು ಬಾರಿಯಂತೆ ದಿನಕ್ಕೆ ಎರಡು ಹೊತ್ತು ಮಾಡಿ. ಮೂರನೆಯದು ಆರಂಭದಲ್ಲಿ ಐದು ಬಾರಿಯಾದರೂ ಸಾಕು. ಸ್ವಲ್ಪ ನೋವಾದರೆ ಹೆದರಬೇಕಿಲ್ಲ. ಮರುದಿನವೂ ನೋವು ಹೆಚ್ಚಾಗಿದ್ದರೆ ಅಷ್ಟು ಕಡಿಮೆ ಮಾಡಿ. ಇದರೊಂದಿಗೆ ಸಮತಟ್ಟು ನೆಲದ ಮೇಲೆ ನಡಿಗೆ ಇರಲಿ. ನಡೆದರೆ ಮಂಡಿ ಸವೆಯುತ್ತದೆಂಬುದು ತಪ್ಪು ಕಲ್ಪನೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲು ಆಡುವಾಗ ಅದರೊಳಗಿನ ದ್ರವದಿಂದಲೇ ಅದು ಪೋಷಣೆ ಪಡೆಯುತ್ತದೆ.

ನೋವು ಶುರುವಾದವರು ಕುಕ್ಕರುಗಾಲಿನಲ್ಲಿ ಕೂರುವುದನ್ನು ಕಡಿಮೆ ಮಾಡಬೇಕು. ಬಟ್ಟೆ ಒಗೆಯಲು, ತರಕಾರಿ ಹೆಚ್ಚಲು ಮಣೆಯ ಬದಲು ಎತ್ತರದ ಸ್ಟೂಲ್ ಬಳಸಿ. ಶೌಚಾಲಯಕ್ಕೆ ಕಮೋಡ್ ಅಥವಾ ಕಮೋಡ್ ಕುರ್ಚಿ ಒಳ್ಳೆಯದು. ಕೋಲು ಹಿಡಿಯುವುದಾದರೆ ನೋವಿರುವ ಕಾಲಿಗೆ ಎದುರಿನ ಕೈಯಲ್ಲಿ ಹಿಡಿಯಿರಿ. ಬಲ ಮಂಡಿ ನೋಯುತ್ತಿದ್ದರೆ ಎಡಗೈ. ಮಗ ಆಟದ ಮೈದಾನದಲ್ಲಿ ಮಂಡಿ ಉಳುಕಿಸಿಕೊಂಡು ಬಂದರೆ ಎಣ್ಣೆ ತಿಕ್ಕಿ ಸುಮ್ಮನಿರಬೇಡಿ. ಹರೆಯದಲ್ಲಿ ಹರಿದ ಅಸ್ಥಿಬಂಧ ಮುಂದೆ ಕೀಲುಸವೆತಕ್ಕೆ ದಾರಿ.

ಔಷಧ ಮತ್ತು ಪಥ್ಯ

ಆಲೂಗಡ್ಡೆ, ಬದನೆಕಾಯಿ, ಬೇಳೆ ವಾಯು ಎಂದು ಬಿಟ್ಟು ಬರೀ ಅನ್ನ ಸಾರು ಉಣ್ಣುವವರಿದ್ದಾರೆ. ಕೀಲುಸವೆತಕ್ಕೆ ಇಂಥ ಪಥ್ಯ ಬೇಕಿಲ್ಲ. ಬೇಳೆಕಾಳು ಬಿಟ್ಟರೆ ಸ್ನಾಯುವಿಗೆ ಬೇಕಾದ ಪ್ರೋಟೀನಿಗೇ ಕೊರತೆ. ನೋವಿಗೆ ಮೊದಲು ಮಂಡಿಗೆ ಹಚ್ಚುವ ನೋವುನಿವಾರಕ ಜೆಲ್ ಬಳಸಿ ನೋಡಿ. ನುಂಗುವ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವುದು ಅಪಾಯ. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ ಬರಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರಲ್ಲಿ ಅಪಾಯ ಇನ್ನೂ ಹೆಚ್ಚು. ಸವೆದ ಮೃದ್ವಸ್ಥಿಯನ್ನು ಮತ್ತೆ ಬೆಳೆಸುವುದಾಗಿ ಸಾಬೀತಾದ ಮಾತ್ರೆ, ಪುಡಿ, ತೈಲ ಯಾವುದೂ ಇಲ್ಲ. ಜಾಹೀರಾತು ನೋಡಿ ಮೋಸಹೋಗಬೇಡಿ. ಎಲ್ಲ ಪ್ರಯತ್ನದ ನಂತರವೂ ರಾತ್ರಿ ನಿದ್ದೆ ಬಾರದಷ್ಟು ನೋವು, ಮನೆಯೊಳಗೂ ನಡೆಯಲಾಗದ ಸ್ಥಿತಿ ಇದ್ದರೆ ಮಂಡಿ ಬದಲಿ ಶಸ್ತ್ರಚಿಕಿತ್ಸೆ ಒಳ್ಳೆಯ ಪರಿಹಾರ. ಅದಕ್ಕೆ ಅಂಜಬೇಕಿಲ್ಲ.

ವೈದ್ಯರನ್ನು ಯಾವಾಗ ಕಾಣಬೇಕು?

ಕೀಲು ಕೆಂಪಾಗಿ ಬಿಸಿಯಾಗಿ ಊದಿಕೊಂಡು ಜ್ವರ ಬಂದರೆ ಅಂದೇ ತೋರಿಸಿ. ಬೆಳಗಿನ ಬಿಗಿತ ಒಂದು ಗಂಟೆ ಮೀರಿದರೆ, ಎರಡೂ ಕೈಗಳ ಸಣ್ಣ ಕೀಲುಗಳು ಊದಿದರೆ ಅದು ರುಮಟಾಯ್ಡ್ ಸಂಧಿವಾತವಿರಬಹುದು. ಅದರ ಚಿಕಿತ್ಸೆಯೇ ಬೇರೆ, ತಡಮಾಡಿದಷ್ಟೂ ನಷ್ಟ. ಕುಟುಂಬದಲ್ಲಿ ಹಲವರಿಗೆ ನಲವತ್ತರ ಮೊದಲೇ ಸೊಂಟದ ಅಥವಾ ಮಂಡಿಯ ಕೀಲು ಸವೆದಿದ್ದರೆ, ಮಗು ಕುಂಟುತ್ತಿದ್ದರೆ ಅಥವಾ ವಯಸ್ಸಿಗೆ ತಕ್ಕಂತೆ ಬೆಳೆಯದಿದ್ದರೆ ಮೂಳೆ ತಜ್ಞರಿಗೆ ತೋರಿಸಿ. ವಂಶದ ವಿವರವನ್ನು ಮುಚ್ಚಿಡದೆ ಹೇಳಿ. ಮಗಳ ಮದುವೆಗೆ ತೊಡಕಾದೀತೆಂದು ಮರೆಮಾಚುವ ತಂದೆತಾಯಂದಿರಿದ್ದಾರೆ. ಅದರಿಂದ ಚಿಕಿತ್ಸೆ ತಡವಾಗುತ್ತದೆಯೇ ಹೊರತು ಕಾಯಿಲೆ ನಿಲ್ಲುವುದಿಲ್ಲ.

ಮನೆಯಲ್ಲಿ ಹಿರಿಯರಿಗೆ ಮಂಡಿನೋವಿದ್ದರೆ ಮೂವತ್ತರ ಮಗಳು, ಮಗ ಇಂದೇ ತೂಕ ನೋಡಿಕೊಳ್ಳಲಿ, ತೊಡೆಯ ವ್ಯಾಯಾಮ ಆರಂಭಿಸಲಿ. ನೋವು ಬಂದ ಮೇಲೆ ಮಾಡುವುದಕ್ಕಿಂತ ಬರುವ ಮೊದಲು ಮಾಡುವುದು ಸುಲಭ. ಈಗಾಗಲೇ ನೋವಿರುವವರೂ ತಡವಾಯಿತೆಂದು ಕೈಬಿಡಬೇಕಾಗಿಲ್ಲ. ಎಪ್ಪತ್ತರ ಸ್ನಾಯುವೂ ವ್ಯಾಯಾಮಕ್ಕೆ ಬಲಗೊಳ್ಳುತ್ತದೆ.