ಮಸಿ ಮೆತ್ತಿದ ಹುಲಿಯ ವಂಶಾವಳಿ

ಒಡಿಶಾದ ಸಿಮಿಲಿಪಾಲ್ ಕಾಡಿನ ಕೆಲವು ಹುಲಿಗಳನ್ನು ನೋಡಿದರೆ, ಪಟ್ಟೆ ಬರೆಯಲು ಕೂತವರು ಮಸಿಕುಡಿಕೆಯನ್ನೇ ಮಗುಚಿಬಿಟ್ಟರೇನೋ ಅನ್ನಿಸುತ್ತದೆ. ಮಾಮೂಲಿ ಹುಲಿಯ ಕಿತ್ತಳೆ ಮೈಮೇಲೆ ಕಪ್ಪು ಪಟ್ಟೆಗಳು ಬಿಡಿಬಿಡಿಯಾಗಿರುತ್ತವೆ. ಇಲ್ಲಿ ಪಟ್ಟೆಗಳೆಲ್ಲ ಅಗಲವಾಗಿ, ಒಂದಕ್ಕೊಂದು ಕೂಡಿಕೊಂಡು, ಬೆನ್ನ ಮೇಲೆ ಕರಿಕಂಬಳಿ ಹೊದ್ದಂತಾಗಿವೆ. ಕಿತ್ತಳೆ ಸಂದಿಗೊಂದಿಯಲ್ಲಿ ಇಣುಕುತ್ತದೆ, ಅಷ್ಟೇ.

ಪತ್ರಿಕೆಗಳು ಇದನ್ನು 'ಕರಿಹುಲಿ' ಎಂದು ಕರೆದವು. ಹಾಗಾದರೆ ಇದು ಹುಲಿಯ ಬೇರೆಯೇ ಜಾತಿಯೇ? ಹಿಂದಿನ ಕಾಲವಾಗಿದ್ದರೆ ಹೌದೆಂದು ಬರೆದು ಮುಗಿಸುತ್ತಿದ್ದರು. ಆಫ್ರಿಕಾದ ಚೀತಾಕ್ಕೆ ಆದದ್ದೇ ಅದು. ಚುಕ್ಕೆಗಳ ಬದಲು ದಪ್ಪ ಮಚ್ಚೆ, ಬೆನ್ನ ಮೇಲೆ ಉದ್ದುದ್ದ ಗೆರೆಗಳಿದ್ದ ಚೀತಾದ ಚರ್ಮವೊಂದು ಇಂದಿನ ಜಿಂಬಾಬ್ವೆಯಲ್ಲಿ ಸಿಕ್ಕಿತು. ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಆರ್.ಐ. ಪೋಕಾಕ್ 1927ರಲ್ಲಿ ಅದನ್ನು ಹೊಸ ಪ್ರಭೇದವೆಂದು ಸಾರಿ, 'ರಾಜ' ಎಂಬ ಅರ್ಥದ ಹೆಸರನ್ನೂ ಕೊಟ್ಟರು. 1981ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಚೀತಾ ಕೇಂದ್ರದಲ್ಲಿ ಸಾಮಾನ್ಯ ಚುಕ್ಕೆಯ ತಾಯಿಯ ಹೊಟ್ಟೆಯಿಂದಲೇ ರಾಜ ಚೀತಾದ ಮರಿ ಹುಟ್ಟಿತು. ಅಲ್ಲಿಗೆ ರಾಜಪದವಿ ಹೋಯಿತು. ರೀವಾದ ಮಹಾರಾಜರು 1951ರಲ್ಲಿ ಹಿಡಿಸಿದ 'ಮೋಹನ್' ಎಂಬ ಬಿಳಿಹುಲಿಯದೂ, ಕಬಿನಿಯ ಹಿನ್ನೀರಿನಲ್ಲಿ ಫೋಟೋದವರನ್ನು ಸಾಲುಗಟ್ಟಿಸುವ ಕರಿಚಿರತೆಯದೂ ಇದೇ ಕಥೆ. ಬಣ್ಣ ಬೇರೆ, ಜಾತಿ ಅದೇ.

ಸಿಮಿಲಿಪಾಲ್‌ನ ಮಸಿಯ ಗುಟ್ಟು ಬಿಡಿಸಿದ್ದು ಬೆಂಗಳೂರಿನಲ್ಲಿ. ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಉಮಾ ರಾಮಕೃಷ್ಣನ್ ಅವರ ತಂಡ ಎರಡು ದಶಕಗಳಿಂದ ಹುಲಿಯ ಡಿಎನ್‌ಎ ಓದುತ್ತಿದೆ. ಓದುವುದಕ್ಕೆ ಮೊದಲು ಡಿಎನ್‌ಎ ಸಿಗಬೇಕಲ್ಲ? ಕಾಡುಹುಲಿಯನ್ನು ಹಿಡಿದು ರಕ್ತ ತೆಗೆಯುವುದು ಸುಲಭದ ಮಾತಲ್ಲ. ಅರಿವಳಿಕೆ ಮದ್ದು, ಪಶುವೈದ್ಯರು, ಆನೆ, ಮೇಲಧಿಕಾರಿಗಳ ಅಪ್ಪಣೆ, ಇಷ್ಟೆಲ್ಲ ಕೂಡಿಬಂದರೂ ಕೊನೆಗೆ ದಕ್ಕುವುದು ಒಂದು ಹುಲಿಯ ರಕ್ತ. ಹಿಕ್ಕೆಗೆ ಯಾರ ಅಪ್ಪಣೆಯೂ ಕಾಯಬೇಕಿಲ್ಲ ಎಂದರೆ ತಪ್ಪಾದೀತು, ಕಾಡಿಗೆ ಕಾಲಿಡಲೂ ಅನುಮತಿ ಬೇಕು. ಆದರೆ ಹುಲಿಯ ತಕರಾರಂತೂ ಇರುವುದಿಲ್ಲ. ತನ್ನ ಗಡಿ ಇದು ಎಂದು ಸಾರಲು ಹುಲಿ ನಡುದಾರಿಯಲ್ಲೇ ಹಿಕ್ಕೆ ಹಾಕಿ ಹೋಗಿರುತ್ತದೆ.

ಆಹಾರ ಕರುಳಿನಲ್ಲಿ ಜಾರುವಾಗ ಒಳಗೋಡೆಯ ಜೀವಕೋಶಗಳು ಉಜ್ಜಿ ಕಳಚಿ ಹಿಕ್ಕೆಯ ಹೊರಮೈಗೆ ಅಂಟಿಕೊಳ್ಳುತ್ತವೆ. ಹೀಗಾಗಿ ಹುಲಿಯ ಡಿಎನ್‌ಎ ಬೇಕಾದವರು ಹೊರಮೈಯನ್ನು ಮೆಲ್ಲಗೆ ಹೆರೆಯುತ್ತಾರೆ. ಒಳಗಿರುವುದು ಬಹುಪಾಲು ಜಿಂಕೆಯ ಕೂದಲು, ಮೂಳೆಚೂರು. ಅದೂ ದಂಡವಲ್ಲ, ಹುಲಿ ಏನು ತಿಂದಿತ್ತು ಎಂಬ ಲೆಕ್ಕಕ್ಕೆ ಆಗುತ್ತದೆ. ಮಾದರಿ ಆದಷ್ಟು ಹಸಿಯಾಗಿರಬೇಕು. ಬಿಸಿಲಿಗೆ ಡಿಎನ್‌ಎ ಮುರಿಯುತ್ತದೆ, ಮಳೆ ತೊಳೆದುಬಿಡುತ್ತದೆ, ಬ್ಯಾಕ್ಟೀರಿಯಾ ಮೇಯುತ್ತದೆ. ಆದ್ದರಿಂದ ಸಿಕ್ಕಿದ ಕೂಡಲೇ ಆಲ್ಕೋಹಾಲಿನಲ್ಲಿ ಮುಳುಗಿಸುತ್ತಾರೆ, ಇಲ್ಲವೇ ತೇವ ಹೀರುವ ಸಿಲಿಕಾ ಹರಳಿನ ಜೊತೆ ಕಟ್ಟಿಡುತ್ತಾರೆ.

ಮೊದಲ ಪ್ರಶ್ನೆ, ಹಿಕ್ಕೆ ಹುಲಿಯದೋ ಚಿರತೆಯದೋ? ಕಾಡಿನಲ್ಲೇ ಹುಟ್ಟಿ ಬೆಳೆದ ವಾಚರೂ ಕೆಲವೊಮ್ಮೆ ಇದರಲ್ಲಿ ಎಡವುತ್ತಾರೆ. ದೊಡ್ಡ ಗಂಡು ಚಿರತೆಯದನ್ನು ಎಳೆಯ ಹುಲಿಯದೆಂದು ಹೇಳಿಬಿಡುವುದು ಸಲೀಸು. ಪ್ರಯೋಗಾಲಯದಲ್ಲಿ ಈ ಗೊಂದಲ ಉಳಿಯುವುದಿಲ್ಲ. ಹುಲಿಯ ಡಿಎನ್‌ಎಗೆ ಮಾತ್ರ ಅಂಟುವಂತೆ ಹೊಂದಿಸಿದ ಪುಟ್ಟ ತುಣುಕುಗಳನ್ನು ಬಿಟ್ಟು, ಪಿಸಿಆರ್ ಯಂತ್ರದಲ್ಲಿ ಕಾಯಿಸಿ ತಣಿಸಿ ನಕಲು ತೆಗೆಯುತ್ತಾರೆ. ಪ್ರತಿ ಸುತ್ತಿಗೂ ನಕಲು ಇಮ್ಮಡಿ. ಲೆಕ್ಕಕ್ಕೆ ಸರಿಯಾಗಿ ನಡೆದರೆ 30 ಸುತ್ತಿಗೆ ಒಂದೇ ಒಂದು ತುಣುಕು ನೂರು ಕೋಟಿ ದಾಟುತ್ತದೆ. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ತೂರಿಸಿಕೊಂಡವರಿಗೆಲ್ಲ ಈ ಯಂತ್ರದ ಹೆಸರು ಪರಿಚಯವೇ.

ಎರಡನೆಯ ಪ್ರಶ್ನೆ, ಯಾವ ಹುಲಿ? ಡಿಎನ್‌ಎಯಲ್ಲಿ ಎರಡು ಮೂರು ಅಕ್ಷರಗಳು ಮಗ್ಗಿಯಂತೆ ಮರುಕಳಿಸುವ ಜಾಗಗಳಿವೆ. ಒಂದು ಹುಲಿಯಲ್ಲಿ ಹನ್ನೆರಡು ಸಲ ಮರುಕಳಿಸಿದರೆ ಇನ್ನೊಂದರಲ್ಲಿ ಹದಿನೈದು ಸಲ. ಇಂಥ ಹತ್ತಾರು ಜಾಗಗಳನ್ನು ಒಟ್ಟಿಗೆ ಎಣಿಸಿದರೆ ಪ್ರತಿ ಹುಲಿಗೂ ಒಂದು ಆಧಾರ್ ಸಂಖ್ಯೆ ಸಿಕ್ಕಂತೆ. ಗಂಡೋ ಹೆಣ್ಣೋ, ಯಾರಿಗೆ ಯಾರು ತಾಯಿ, ಯಾರಿಗೆ ಯಾರು ಒಡಹುಟ್ಟು ಎಂಬುದೂ ತಿಳಿಯುತ್ತದೆ. ಇದನ್ನು ನಂಬಬಹುದೇ ಎಂದು ಬಂಡೀಪುರದಲ್ಲೇ ಒರೆಗೆ ಹಚ್ಚಿದ್ದರು. ಹಿಕ್ಕೆಯಿಂದ ಹಾಕಿದ ಹುಲಿಗಳ ಲೆಕ್ಕವೂ ಕ್ಯಾಮೆರಾ ಟ್ರ್ಯಾಪ್ ಕೊಟ್ಟ ಲೆಕ್ಕವೂ ಹತ್ತಿರ ಹತ್ತಿರವೇ ಬಂದವು. 2009ರಲ್ಲಿ ಆ ಅಧ್ಯಯನ ಪ್ರಕಟವಾಯಿತು.

ಸಿಮಿಲಿಪಾಲ್‌ಗೆ ಮರಳೋಣ. ಭುವನೇಶ್ವರದ ನಂದನಕಾನನ ಮೃಗಾಲಯದಲ್ಲಿ ಮಸಿ ಮೆತ್ತಿದ ಹುಲಿಗಳ ಒಂದು ಕುಟುಂಬವೇ ಇತ್ತು. ಉಮಾ ಅವರ ತಂಡದ ವಿನಯ್ ಸಾಗರ್ ಮತ್ತು ಸಂಗಡಿಗರು ಆ ಕುಟುಂಬದ ಜೀನೋಮುಗಳನ್ನು, ಎಂದರೆ ಒಂದೊಂದು ಹುಲಿಯ ಇಡೀ ಡಿಎನ್‌ಎಯನ್ನು, ಹೋಲಿಸುತ್ತ ಹೋದರು. ಹುಲಿಯ ಜೀನೋಮಿನಲ್ಲಿ ಸುಮಾರು 240 ಕೋಟಿ ಅಕ್ಷರಗಳಿವೆ. ಅದರಲ್ಲಿ 'ಟ್ಯಾಕ್‌ಪೆಪ್' ಎಂಬ ಜೀನಿನ ಒಂದೇ ಒಂದು ಅಕ್ಷರ ಬದಲಾಗಿತ್ತು. ತಾಯಿಯಿಂದಲೂ ತಂದೆಯಿಂದಲೂ ಈ ತಪ್ಪಕ್ಷರವೇ ಬಂದರೆ ಪಟ್ಟೆ ಕಲಸಿಹೋಗುತ್ತದೆ. ಒಬ್ಬರಿಂದ ಮಾತ್ರ ಬಂದರೆ ಹುಲಿ ಎಂದಿನಂತೆಯೇ ಕಾಣುತ್ತದೆ. ಇನ್ನೂ ಸ್ವಾರಸ್ಯದ ಸಂಗತಿ ಎಂದರೆ ರಾಜ ಚೀತಾದ ಮಚ್ಚೆಗಳಿಗೂ, ಮನೆಬೆಕ್ಕಿನ ಸುರುಳಿ ಪಟ್ಟೆಗಳಿಗೂ ಇದೇ ಜೀನಿನ ಎಡವಟ್ಟೇ ಕಾರಣ ಎಂದು 2012ರಲ್ಲೇ ಗೊತ್ತಾಗಿತ್ತು. ಒಲೆಯ ಬುಡದಲ್ಲಿ ಮಲಗಿದ ಬೆಕ್ಕು ಮತ್ತು ಒಡಿಶಾದ ಹುಲಿ, ಇಬ್ಬರ ಅಂಗಿಗೂ ಒಬ್ಬನೇ ದರ್ಜಿ.

ಸಾಗರ್ ತಂಡದ ಈ ಸಂಶೋಧನೆ 2021ರಲ್ಲಿ ಪ್ರಬಂಧವಾಗಿ ಹೊರಬಂತು. ಅದರ ನಿಜವಾದ ತೂಕ ಇರುವುದು ಬಣ್ಣದಲ್ಲಲ್ಲ. ದೇಶದ ಬೇರೆ ಕಾಡು ಮತ್ತು ಮೃಗಾಲಯಗಳ ಸುಮಾರು 400 ಹುಲಿಗಳಲ್ಲಿ ಹುಡುಕಿದರೂ ಈ ತಪ್ಪಕ್ಷರ ಸಿಗಲಿಲ್ಲ. ಸಿಮಿಲಿಪಾಲ್‌ನಲ್ಲಿ ಮಾತ್ರ ಈ ಜೀನಿನ ಪ್ರತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥವೇ. ಅಲ್ಲಿನ ಹುಲಿಗಳು ಬೆರಳೆಣಿಕೆಯಷ್ಟು, ಸುತ್ತ ಗಣಿ, ಗದ್ದೆ, ಊರು. ಹೊರಗಿನಿಂದ ಹುಲಿ ಬರುವುದಿಲ್ಲ. ಒಳಗಿನವೇ ತಮ್ಮತಮ್ಮಲ್ಲಿ ಕೂಡುತ್ತ ತಲೆಮಾರುಗಳು ಕಳೆದಿವೆ. ನಮ್ಮಲ್ಲಿ ಮಗುವಿಗೆ ಏನಾದರೂ ತೊಂದರೆ ಕಂಡರೆ ಡಾಕ್ಟರು ಮೊದಲು ಕೇಳುವುದು 'ಸಂಬಂಧದಲ್ಲೇ ಮದುವೆಯೇ?' ಎಂದಲ್ಲವೇ? ಸಿಮಿಲಿಪಾಲ್‌ನ ಹುಲಿ ಆ ಪ್ರಶ್ನೆಗೆ ಉತ್ತರವನ್ನು ಬೆನ್ನ ಮೇಲೆಯೇ ಬರೆದುಕೊಂಡು ತಿರುಗುತ್ತಿದೆ.

ಪಟ್ಟೆ ದಪ್ಪವಾದರೆ ಹುಲಿಗೆ ನಷ್ಟವೇನಿಲ್ಲ ಎನ್ನಬಹುದು. ಆದರೆ ಕಣ್ಣಿಗೆ ಕಾಣುವ ಅಕ್ಷರ ಹೀಗೆ ಕೂಡಿಕೊಂಡಿದೆ ಎಂದರೆ ಕಾಣದವೂ ಕೂಡಿಕೊಂಡಿರುತ್ತವೆ. ಅಮೆರಿಕದ ಫ್ಲಾರಿಡಾದಲ್ಲಿ ಅದರ ಫಲ ಕಣ್ಣಿಗೇ ಬಿತ್ತು. ಅಲ್ಲಿನ ಪ್ಯೂಮಾಗಳು ಇಪ್ಪತ್ತು ಮೂವತ್ತಕ್ಕೆ ಇಳಿದಾಗ ಬಾಲ ಸೊಟ್ಟಗಿದ್ದ, ಹೃದಯದಲ್ಲಿ ರಂಧ್ರವಿದ್ದ, ವೃಷಣ ಇಳಿಯದ ಮರಿಗಳು ಹುಟ್ಟತೊಡಗಿದವು. 1995ರಲ್ಲಿ ಟೆಕ್ಸಸ್‌ನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟರು. ಹೊಸ ರಕ್ತ ಬೆರೆತು ಕುಲ ಚೇತರಿಸಿಕೊಂಡಿತು, ಸಂಖ್ಯೆ ಮೂರು ಪಟ್ಟಾಯಿತು.

ಒಡಿಶಾವೂ ಅದೇ ದಾರಿ ಹಿಡಿದಿದೆ. 2024ರ ಕೊನೆಯಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಎರಡು ಹೆಣ್ಣುಹುಲಿಗಳು ಸಿಮಿಲಿಪಾಲ್‌ಗೆ ಬಂದವು. ಒಂದರ ಹೆಸರು ಜಮುನಾ, ಇನ್ನೊಂದು ಜೀನತ್. ಜೀನತ್‌ಗೆ ಈ ಸಂಬಂಧ ಹಿಡಿಸಿದಂತೆ ಕಾಣಲಿಲ್ಲ. ಡಿಸೆಂಬರಿನಲ್ಲಿ ಅದು ಕೊರಳ ರೇಡಿಯೋ ಪಟ್ಟಿಯ ಸಮೇತ ಹೊರಟು ಝಾರ್ಖಂಡ್ ಹೊಕ್ಕಿತು. ಅಲ್ಲಿಂದ ಪಶ್ಚಿಮ ಬಂಗಾಳಕ್ಕೆ ನಡೆಯಿತು. ಮೂರು ರಾಜ್ಯಗಳ ಅರಣ್ಯ ಸಿಬ್ಬಂದಿಯನ್ನು ನಿದ್ದೆಗೆಡಿಸಿ ಕೊನೆಗೆ ಡಿಸೆಂಬರ್ 29ರಂದು ಬಾಂಕುರಾ ಜಿಲ್ಲೆಯಲ್ಲಿ ಅರಿವಳಿಕೆ ಸೂಜಿಗೆ ಸಿಕ್ಕು, ಹಿಂದಿರುಗಿತು. ಜೀನ್ ಓದುವ ವಿದ್ಯೆ ಹುಲಿಯ ಇಷ್ಟಾನಿಷ್ಟದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಬೇರೆಯಾಗಿ ಕಾಣುವುದು ಒಂದೇ ಎಂದು ತೋರಿಸುವ ಡಿಎನ್‌ಎ, ಒಂದೇ ಎಂದುಕೊಂಡದ್ದನ್ನು ಒಡೆದೂ ತೋರಿಸುತ್ತದೆ. ಆಫ್ರಿಕಾದಲ್ಲಿರುವುದು ಒಂದೇ ಆನೆಯೆಂದು ಬಹುಕಾಲ ನಂಬಿದ್ದರು. ಬಯಲಿನ ಆನೆಯೂ ದಟ್ಟಡವಿಯ ಆನೆಯೂ ಬೇರೆ ಬೇರೆ ಪ್ರಭೇದ ಎಂಬುದಕ್ಕೆ 2001ರಲ್ಲಿ ಡಿಎನ್‌ಎ ಪುರಾವೆ ಒದಗಿತು. 2021ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅವನ್ನು ಮೊದಲ ಬಾರಿಗೆ ಬಿಡಿಬಿಡಿಯಾಗಿ ತೂಗಿದಾಗ ಅಡವಿಯ ಆನೆ ಮೂರು ದಶಕದಲ್ಲಿ ಶೇ. 86ಕ್ಕೂ ಹೆಚ್ಚು ಕುಸಿದಿರುವುದು ಕಂಡಿತು. ಒಟ್ಟು ಲೆಕ್ಕದಲ್ಲಿ ಆ ಕುಸಿತ ಮುಚ್ಚಿಹೋಗಿತ್ತು. ನಮ್ಮ ಸಹ್ಯಾದ್ರಿಯ ತೊರೆಗಳಲ್ಲಂತೂ ಕಪ್ಪೆಗಳ ಪಟ್ಟಿ ಬೆಳೆಯುತ್ತಲೇ ಇದೆ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಮೊಟ್ಟೆಗಳಿಗೆ ಮುಂಗಾಲಿನಿಂದ ಕೆಸರು ಮೆತ್ತುವ ಇರುಳುಗಪ್ಪೆಯನ್ನು ಕೆ.ವಿ. ಗುರುರಾಜ ಮತ್ತು ಸಹೋದ್ಯೋಗಿಗಳು 2014ರಲ್ಲಿ ಹೊಸ ಪ್ರಭೇದವೆಂದು ಪರಿಚಯಿಸಿದರು. ವೈಜ್ಞಾನಿಕ ಹೆಸರಿನಲ್ಲೇ ಕನ್ನಡ ಪದವಿದೆ: ಕುಂಬಾರ.

ಪೊಲೀಸರಿಗೂ ಈ ವಿದ್ಯೆ ಬೇಕು. 2023ರ ಅಕ್ಟೋಬರಿನಲ್ಲಿ ರಿಯಾಲಿಟಿ ಶೋ ಸ್ಪರ್ಧಿಯೊಬ್ಬರ ಕೊರಳಿನ ಹುಲಿಯುಗುರು ಕರ್ನಾಟಕವನ್ನೆಲ್ಲ ಅಲುಗಾಡಿಸಿದ್ದು ನೆನಪಿರಬಹುದು. ಅಸಲಿ ಯಾವುದು, ದನದ ಕೊಂಬಿನಲ್ಲಿ ಕೊರೆದ ನಕಲಿ ಯಾವುದು ಎಂದು ಕಣ್ಣಳತೆಯಲ್ಲಿ ಹೇಳಿದರೆ ನ್ಯಾಯಾಲಯ ಒಪ್ಪುವುದಿಲ್ಲ. ಬೇಯಿಸಿದ ಮಾಂಸ, ಒಣಗಿದ ಚರ್ಮ ಏನೇ ಇರಲಿ, ಯಾವ ಪ್ರಾಣಿಯದೆಂದು ಒಂದೇ ಪರೀಕ್ಷೆಯಲ್ಲಿ ಹೇಳಬಲ್ಲ ವಿಧಾನವನ್ನು ಹೈದರಾಬಾದಿನ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರದಲ್ಲಿ (ಸಿಸಿಎಂಬಿ) ಸುನಿಲ್ ಕುಮಾರ್ ವರ್ಮಾ ಮತ್ತು ಲಾಲ್‌ಜಿ ಸಿಂಗ್ ಈ ಶತಮಾನದ ಆರಂಭದಲ್ಲೇ ರೂಪಿಸಿದ್ದರು. ಅಮೆರಿಕದ ವಿಜ್ಞಾನಿ ಸ್ಯಾಮ್ಯುಯೆಲ್ ವಾಸರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಆಫ್ರಿಕಾದ ಉದ್ದಗಲಕ್ಕೂ ಆನೆ ಲದ್ದಿ ಕೂಡಿಸಿ ಡಿಎನ್‌ಎ ನಕ್ಷೆ ಮಾಡಿ, ವಶಪಡಿಸಿಕೊಂಡ ದಂತಗಳನ್ನು ಅದಕ್ಕೆ ಹೋಲಿಸಿದರು. ಬಂದರು ಬಂದರುಗಳಲ್ಲಿ ಸಿಕ್ಕಿದ ದಂತಗಳಲ್ಲಿ ಬಹುಪಾಲು ಎರಡೇ ಸೀಮೆಗಳಿಂದ ಬಂದಿತ್ತೆಂದು 2015ರಲ್ಲಿ ಬಯಲಾಯಿತು.

ಮತ್ತೆ ಹುಲಿಗೆ ಬಂದರೆ, ನಾಗರಹೊಳೆ, ಬಂಡೀಪುರ, ಮುದುಮಲೈ, ವಯನಾಡು ಕಾಡುಗಳು ಒಂದಕ್ಕೊಂದು ತಾಗಿಕೊಂಡಿರುವುದರಿಂದ ನಮ್ಮ ಕಡೆಯ ಹುಲಿಗಳಿಗೆ ಸಿಮಿಲಿಪಾಲ್‌ನ ಗತಿ ಬಂದಿಲ್ಲ. ಬಂಡೀಪುರದ ಹೆದ್ದಾರಿಯಲ್ಲಿ ನಿಷೇಧವಾಗಿರುವ ರಾತ್ರಿ ಸಂಚಾರಕ್ಕೆ ಮತ್ತೆ ಅವಕಾಶ ಕೊಡಬೇಕೆಂಬ ಕೂಗು ಎದ್ದಾಗಲೆಲ್ಲ ಕಾಡುಗಳ ಈ ನಂಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇಂದು ಬದುಕಿರುವ ಹುಲಿಗಳ ವಂಶವೈವಿಧ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದಲ್ಲೇ ಇದೆ. ಹಾಗೆಂದು ಬೀಗುವಂತಿಲ್ಲ. ದೊರೆಗಳೂ ದೊರೆಸಾನಿಯರೂ ಬೇಟೆಯಾಡಿದ ಕಾಲದಲ್ಲಿ ಮೈಸೂರಿನ ವ್ಯಾನ್ ಇಂಗನ್ ಕಾರ್ಖಾನೆಯೊಂದರಲ್ಲೇ ಹತ್ತಾರು ಸಾವಿರ ಹುಲಿ, ಚಿರತೆಗಳ ಚರ್ಮ ಹದಗೊಂಡು ಗೋಡೆಗೇರಿತು. ಬ್ರಿಟನ್ನಿನ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಅಂಥ ಬೇಟೆಕಾಲದ ಚರ್ಮ, ಮೂಳೆಗಳ ಡಿಎನ್‌ಎಯನ್ನು ಸಂಶೋಧಕ ಸಾಮ್ರಾಟ್ ಮಂಡಲ್ ಮತ್ತು ಸಂಗಡಿಗರು ಈಗಿನ ಹುಲಿಗಳದಕ್ಕೆ ಹೋಲಿಸಿದರು. ಫಲಿತಾಂಶ 2013ರಲ್ಲಿ ಬಂತು. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ ಅಂದು ಇದ್ದ ಬಗೆಗಳ ಪೈಕಿ ಶೇ. 93 ಇಂದಿನ ಯಾವ ಹುಲಿಯಲ್ಲೂ ಸಿಗಲಿಲ್ಲ.