ಗಂಟಲಿನ ಕ್ಯಾನ್ಸರ್: ವರದಿಯಲ್ಲಿರುವ 'ಪಿ-16' ಏನು ಹೇಳುತ್ತದೆ?

ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾದಾಗ ಮನೆಯವರು ಮೊದಲು ಕೇಳುವುದು, "ಗುಣವಾಗುತ್ತದೆಯೇ ಡಾಕ್ಟ್ರೇ?" ಎಂದು. ಆಯುಸ್ಸು ಅಲ್ಲಾಹನ ಕೈಯಲ್ಲಿದೆ. ಆದರೂ ಕೆಲವು ಗುರುತುಗಳನ್ನು ನೋಡಿ ವೈದ್ಯರು ಅಂದಾಜು ಮಾಡಬಲ್ಲರು. ಹಿಂದೆ ಗಡ್ಡೆಯ ಗಾತ್ರ ಮತ್ತು ಅದು ಹರಡಿದ ಪ್ರಮಾಣವೇ ಮುಖ್ಯವಾಗಿತ್ತು. ಈಗ ಬಯಾಪ್ಸಿಯ ತುಣುಕಿನಲ್ಲಿ ಇನ್ನೊಂದನ್ನೂ ನೋಡುತ್ತಾರೆ. ಅದೇ ಪಿ-16 ಎಂಬ ಪ್ರೋಟೀನು.

ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕ್ಯಾನ್ಸರಿಗೆ ಕೆಲವರಲ್ಲಿ ಎಚ್‌ಪಿವಿ ಎಂಬ ವೈರಸ್ ಕಾರಣವಾಗಿರುತ್ತದೆ. ಗರ್ಭಕೊರಳಿನ ಕ್ಯಾನ್ಸರ್ ತರುವ ವೈರಸ್ಸೂ ಇದೇ. ಅದು ಜೀವಕೋಶದ ಬೆಳವಣಿಗೆಯ ಕಡಿವಾಣವನ್ನು ಮುರಿದಾಗ ಪಿ-16 ಅತಿಯಾಗಿ ಶೇಖರವಾಗುತ್ತದೆ. ಬಣ್ಣ ಹಾಕಿ ನೋಡಿದಾಗ ಶೇ. 70ರಷ್ಟು ಅಥವಾ ಅದಕ್ಕಿಂತ ಹೆಚ್ಚು ಕ್ಯಾನ್ಸರ್ ಕೋಶಗಳಲ್ಲಿ ಅದು ಗಾಢವಾಗಿ ಕಂಡರೆ 'ಪಾಸಿಟಿವ್' ಎನ್ನುತ್ತಾರೆ. ಧ್ವನಿಪೆಟ್ಟಿಗೆಯ ಕ್ಯಾನ್ಸರಿನಲ್ಲಿ ಈ ಪರೀಕ್ಷೆಗೆ ಇಷ್ಟು ಬೆಲೆಯಿಲ್ಲ.

'ಪಾಸಿಟಿವ್' ಎಂದರೆ ಸಾಮಾನ್ಯವಾಗಿ ನಾವು ಹೆದರುತ್ತೇವೆ. ಇಲ್ಲಿ ಅದು ಒಳ್ಳೆಯ ಸುದ್ದಿ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಮುಖ ಅಧ್ಯಯನದಲ್ಲಿ, ವೈರಸ್‌ನಿಂದ ಬಂದ ಕ್ಯಾನ್ಸರಿನವರಲ್ಲಿ ಮೂರು ವರ್ಷಗಳ ಬಳಿಕ ಶೇ. 82 ಮಂದಿ ಬದುಕಿದ್ದರು. ವೈರಸ್ ಇಲ್ಲದವರಲ್ಲಿ ಶೇ. 57 ಮಾತ್ರ. ವೈರಸ್‌ನಿಂದ ಬಂದ ಗಡ್ಡೆ ರೇಡಿಯೇಶನ್ನಿಗೆ ಬೇಗ ಕರಗುತ್ತದೆ. ಆದರೆ ಅದೇ ಅಧ್ಯಯನ ಇನ್ನೊಂದನ್ನೂ ತೋರಿಸಿತು: ದಿನಕ್ಕೊಂದು ಪ್ಯಾಕ್‌ನಂತೆ ಹತ್ತು ವರ್ಷಕ್ಕೂ ಮೀರಿ ಸಿಗರೇಟು ಸೇದಿದವರಲ್ಲಿ ಈ ಲಾಭ ಕುಗ್ಗಿತ್ತು. ಆದ್ದರಿಂದ ಬೀಡಿ, ಸಿಗರೇಟು, ಗುಟ್ಕಾದ ಲೆಕ್ಕವನ್ನು ವೈದ್ಯರ ಮುಂದೆ ಮುಚ್ಚಿಡಬೇಡಿ. ಮಕ್ಕಳೆದುರು ಹೇಳಲು ನಾಚಿಕೆಯಾದರೆ ಅವರನ್ನು ಹೊರಗೆ ಕಳುಹಿಸಿ ಹೇಳಿ.

ನಮ್ಮ ದೇಶದಲ್ಲಿ ಗಂಟಲಿನ ಕ್ಯಾನ್ಸರಿಗೆ ಈಗಲೂ ದೊಡ್ಡ ಕಾರಣ ತಂಬಾಕು. ಹಾಗಾಗಿ 'ನೆಗೆಟಿವ್' ವರದಿಯೇ ಇಲ್ಲಿ ಹೆಚ್ಚು. ಅದರರ್ಥ ಆಸೆ ಬಿಡಬೇಕೆಂದಲ್ಲ. ಬೇಗ ಪತ್ತೆಯಾದರೆ ಅದೂ ಗುಣವಾಗುತ್ತದೆ. ಚಿಕಿತ್ಸೆ ಆರಂಭವಾದ ಮೇಲೂ ಹೊಗೆ ಬಿಡದವರಲ್ಲಿ ರೇಡಿಯೇಶನ್ನಿನ ಫಲ ಕಡಿಮೆ. ಇನ್ನು, ಪಾಸಿಟಿವ್ ಬಂತೆಂದು ಚಿಕಿತ್ಸೆ ಕಡಿಮೆ ಮಾಡಿ ಎಂದು ಕೇಳುವುದೂ ಸರಿಯಲ್ಲ. ಸಿಸ್‌ಪ್ಲಾಟಿನ್ ಬದಲು ಸೌಮ್ಯವೆಂದು ಭಾವಿಸಿದ ಔಷಧ ಕೊಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳಲ್ಲಿ ಬದುಕುಳಿದವರ ಪ್ರಮಾಣ ಕಡಿಮೆಯೇ ಆಯಿತು.

ನೆರೆಮನೆಯವರ ವರದಿಯೊಡನೆ ಹೋಲಿಸುವುದೂ ಬೇಡ. 2018ರಿಂದ ಪಿ-16 ಪಾಸಿಟಿವ್ ಇದ್ದವರಿಗೆ ಹಂತ ಗುರುತಿಸುವ ಕ್ರಮವೇ ಬೇರೆ. ಕತ್ತಿನ ಗ್ರಂಥಿಗೆ ಹರಡಿ ಮೊದಲು ನಾಲ್ಕನೇ ಹಂತ ಎನಿಸುತ್ತಿದ್ದ ಎಷ್ಟೋ ರೋಗಿಗಳು ಈಗ ಒಂದನೇ ಹಂತಕ್ಕೆ ಸೇರುತ್ತಾರೆ.

ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ ಎಂದು ಎಲ್ಲೋ ಓದಿ ಗಂಡ-ಹೆಂಡಿರ ನಡುವೆ ಸಂಶಯ ಹುಟ್ಟುವುದುಂಟು. ಇದು ತೀರಾ ಸಾಮಾನ್ಯ ವೈರಸ್. ಸೋಂಕು ತಗಲಿ ದಶಕಗಳ ನಂತರ ಕ್ಯಾನ್ಸರ್ ಕಾಣಿಸಬಹುದು. ಯಾವಾಗ, ಯಾರಿಂದ ಬಂತು ಎಂದು ಯಾವ ವರದಿಯೂ ಹೇಳಲಾರದು. ಊಹೆಗಳಿಂದ ದೂರವಿರಲು ಕುರ್‌ಆನ್ ಕಲಿಸಿದೆ. ರೋಗಿ ಮಲಗಿರುವ ಮನೆಯಲ್ಲಿ ಅದು ಇನ್ನಷ್ಟು ಅಗತ್ಯ.

ವರದಿಯಲ್ಲಿ ಪಿ-16 ಇಲ್ಲದಿದ್ದರೆ ವೈದ್ಯರನ್ನು ಕೇಳಿ. ಸಾಮಾನ್ಯವಾಗಿ ಮತ್ತೆ ಬಯಾಪ್ಸಿ ಬೇಕಾಗುವುದಿಲ್ಲ, ಹಳೆಯ ತುಣುಕಿನಲ್ಲೇ ಪರೀಕ್ಷೆ ನಡೆಯುತ್ತದೆ. ಬೇರೆ ಆಸ್ಪತ್ರೆಗೆ ಹೋಗುವುದಾದರೆ ಸ್ಲೈಡ್ ಜೊತೆಗೆ ಮೇಣದ ಬ್ಲಾಕನ್ನೂ ಲ್ಯಾಬಿನಿಂದ ಕೇಳಿ ಪಡೆದುಕೊಳ್ಳಿ.