ಗುರಿಯ ಗುಟ್ಟು ಇರುವುದು ತೋರುಬೆರಳಿನಲ್ಲಿ

2024ರ ಜುಲೈ 28ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲ್ ಫೈನಲ್‌ನಲ್ಲಿ ಮನು ಭಾಕರ್ 221.7 ಅಂಕ ಗಳಿಸಿ ಕಂಚು ಗೆದ್ದರು. ಒಲಿಂಪಿಕ್ಸ್ ಶೂಟಿಂಗ್‌ನಲ್ಲಿ ಪದಕ ಪಡೆದ ಭಾರತದ ಮೊದಲ ಮಹಿಳೆ ಅವರು. ಆಗ ಕೊರಿಯಾದ ಕಿಮ್ ಯೆ-ಜಿ ಬಳಿ ಇದ್ದದ್ದು 221.8. ಚಿನ್ನ-ಬೆಳ್ಳಿಯ ಕೊನೆಯ ಹಣಾಹಣಿ ಮನುಗೆ ತಪ್ಪಿದ್ದು ಬರೀ 0.1 ಅಂಕದಿಂದ. ಗುರಿಹಲಗೆಯ ಮೇಲೆ ಅಳೆದರೆ ಅದು ಒಂದು ಮಿಲ್ಲಿಮೀಟರ್ ಕೂಡ ಇಲ್ಲ!

ಮಕ್ಕಳು ಶೂಟಿಂಗ್ ಕಲೀತೇವೆ ಅಂದರೆ ನಾವು ಮೊದಲು ಕೇಳುವುದು ಕಣ್ಣು ಚೆನ್ನಾಗಿದೆಯಾ, ಕೈ ನಡುಗುತ್ತದಾ ಅಂತ. ಕೈ ಎಲ್ಲರದ್ದೂ ನಡುಗುತ್ತದೆ ಮಾರಾಯ್ರೇ! ಒಂದೇ ಕೈಯಲ್ಲಿ ಸುಮಾರು ಒಂದು ಕಿಲೋ ತೂಕದ ಪಿಸ್ತೂಲನ್ನು ಚಾಚಿ ಹಿಡಿದರೆ ಚಾಂಪಿಯನ್ನರ ಕೈಯೂ ಸ್ವಲ್ಪ ತೂಗಾಡುತ್ತದೆ. ಗುರಿ ಕೆಡಿಸುವುದು ಆ ತೂಗಾಟಕ್ಕಿಂತ ಹೆಚ್ಚಾಗಿ ಟ್ರಿಗರ್ ಎಳೆಯುವ ಬೆರಳಿನ ಆತುರ.

ಲೆಕ್ಕ ನೋಡಿ

10 ಅಂಕದ ವೃತ್ತದ ಅಗಲ 11.5 ಮಿಲ್ಲಿಮೀಟರ್. ಇಡೀ ಕೈ ಒಂದು ಮಿಲ್ಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡು ಬೀಳುವ ಜಾಗವೂ ಅಷ್ಟೇ ಸರಿಯುತ್ತದೆ, ಅದು ದೊಡ್ಡ ನಷ್ಟವಲ್ಲ. ಆದರೆ ಬೆರಳಿನ ಜಗ್ಗಾಟಕ್ಕೆ ಪಿಸ್ತೂಲಿನ ಮೂತಿಯೇ ತಿರುಗಿ, ಮುಂದಿನ ಸೈಟ್ ಹಿಂದಿನ ಸೈಟಿನ ನಡುವಿಂದ ಒಂದು ಮಿಲ್ಲಿಮೀಟರ್ ಆಚೀಚೆ ಆದರೆ, ಹತ್ತು ಮೀಟರ್ ದೂರದಲ್ಲಿ ತಪ್ಪು ಹೆಚ್ಚುಕಮ್ಮಿ 30 ಪಟ್ಟು ಬೆಳೆಯುತ್ತದೆ. ಹತ್ತು ಬೀಳಬೇಕಾದಲ್ಲಿ ಏಳು! ಬಲಗೈಯವರು ಟ್ರಿಗರ್ ಜಗ್ಗಿದರೆ ಗುಂಡು ಸಾಮಾನ್ಯವಾಗಿ ಎಡಕ್ಕೆ, ಕೆಳಕ್ಕೆ ಹೋಗುತ್ತದೆ. ಗುರಿಹಲಗೆ ನೋಡಿದ ಕೂಡಲೇ ಕೋಚ್‌ಗೆ ರೋಗ ಯಾವುದೆಂದು ಗೊತ್ತಾಗುವುದು ಹೀಗೆ.

ಬೆರಳನ್ನು ಪಳಗಿಸುವುದು ಹೇಗೆ?

ಟ್ರಿಗರ್ ಮೇಲೆ ಇರಬೇಕಾದದ್ದು ತೋರುಬೆರಳಿನ ತುದಿಯ ಗೆಣ್ಣಿನ ಮೆತ್ತನೆಯ ಭಾಗ. ಒತ್ತಡ ನೇರ ಹಿಂದಕ್ಕೆ, ನಿಧಾನವಾಗಿ ಏರುತ್ತಾ ಹೋಗಬೇಕು. ಉಳಿದ ಬೆರಳುಗಳ ಹಿಡಿತ ಬದಲಾಗಬಾರದು. ನಿಯಮದ ಪ್ರಕಾರ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಟ್ರಿಗರ್ ಹೆಚ್ಚಾಗಿ ಎರಡು ಹಂತದ್ದು. ಮೊದಲ ಹಂತವನ್ನು ಕೈ ಗುರಿಗೆ ಇಳಿಯುವಾಗಲೇ ಒತ್ತಿ ಮುಗಿಸಿ, ಎರಡನೆಯದನ್ನು ಮೆಲ್ಲ ಒತ್ತುತ್ತಾ ಹೋಗುವುದು ವಾಡಿಕೆ. ಕಣ್ಣು ಮಾತ್ರ ಮುಂದಿನ ಸೈಟ್ ಮೇಲೇ ಇರಲಿ, ಗುರಿಹಲಗೆ ಮಸುಕಾಗಿ ಕಂಡರೆ ಪರವಾಗಿಲ್ಲ. ‘ಈಗ ಹತ್ತು ಸಿಕ್ಕಿತು, ಹೊಡಿ’ ಅಂತ ಮನಸ್ಸು ಹೇಳಿದಾಗ ಬೆರಳು ಓಡಿದರೆ ಕೆಲಸ ಕೆಟ್ಟಿತು. ಎಂಟು-ಹತ್ತು ಸೆಕೆಂಡಿನಲ್ಲಿ ಗುಂಡು ಹೋಗದಿದ್ದರೆ ಕೈ ಇಳಿಸಿ, ಉಸಿರು ತೆಗೆದುಕೊಂಡು ಮತ್ತೆ ಶುರು ಮಾಡಬೇಕು. ಗುಂಡು ಹೋದ ಮೇಲೂ ಒಂದೆರಡು ಸೆಕೆಂಡ್ ಹಾಗೆಯೇ ನಿಲ್ಲಬೇಕು.

ಇದಕ್ಕೆ ದುಡ್ಡಿಲ್ಲದ ಮದ್ದು ‘ಡ್ರೈ ಫೈರಿಂಗ್’, ಅಂದರೆ ಗುಂಡಿಲ್ಲದ ಅಭ್ಯಾಸ. ಖಾಲಿ ಬಿಳಿ ಗೋಡೆಯ ಕಡೆ ಹಿಡಿದು, ಸೈಟ್ ಅಲುಗದಂತೆ ಟ್ರಿಗರ್ ಬಿಡಿಸುವುದು. ಗೋಡೆಯಲ್ಲಿ ಗುರಿಯೇ ಇಲ್ಲದ ಕಾರಣ ಆಸೆಯೂ ಇಲ್ಲ, ಆತುರವೂ ಇಲ್ಲ. ನಳಿಗೆಯ ಮೇಲೆ ಒಂದು ನಾಣ್ಯ ಇಟ್ಟು, ಅದು ಬೀಳದಂತೆ ಒತ್ತುವುದು ಇನ್ನೊಂದು ಪಾಠ. ಕೇರಂ ಆಡುವವರಿಗೆ ಇದು ಬೇಗ ಅರ್ಥವಾದೀತು: ಸ್ಟ್ರೈಕರ್ ಬಿಡುವಾಗ ಕೈಯೆಲ್ಲಾ ಬಿಗಿ ಮಾಡಿದರೆ ಕಾಯಿ ಗುಂಡಿಗೆ ಬೀಳುತ್ತದಾ? ದಿನಾ ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ ಬೇಕು. ಸ್ಪರ್ಧೆಯಲ್ಲಿ 75 ನಿಮಿಷಕ್ಕೆ 60 ಗುಂಡು. ಅರುವತ್ತನೆಯದಕ್ಕೂ ಮೊದಲನೆಯದರ ತಾಳ್ಮೆಯೇ ಇರಬೇಕು.

ಒಂದು ಎಚ್ಚರಿಕೆ. ಖಾಲಿ ಅಂತ ಗೊತ್ತಿದ್ದರೂ ಪ್ರತೀ ಸಲ ತೆರೆದು ನೋಡಬೇಕು, ಗುಂಡಿನ ಡಬ್ಬಿ ಬೇರೆ ಕೋಣೆಯಲ್ಲಿರಬೇಕು, ಮೂತಿ ಯಾರ ಕಡೆಗೂ ತಿರುಗಬಾರದು. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್‌ನಿಂದ ಹೊರಗೇ ಇರಲಿ. ಪಿಸ್ತೂಲಿನಲ್ಲಿ ಡ್ರೈ ಫೈರಿಂಗ್ ಸೌಲಭ್ಯ ಇದೆಯಾ ಎಂದು ಕೋಚ್ ಹತ್ತಿರ ಕೇಳಿಯೇ ಆರಂಭಿಸಬೇಕು. ಇದು ಮಕ್ಕಳ ಆಟಿಕೆಯಲ್ಲ, ಹಿರಿಯರು ಎದುರಿಗಿಲ್ಲದೆ ಅಭ್ಯಾಸ ಬೇಡವೇ ಬೇಡ.

ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಬೆಳ್ಳಿ ತಂದದ್ದೂ ಇದೇ 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಎತ್ತರ, ಓಟ, ತೋಳಿನ ಬಲ ಕೇಳದ ಆಟ ಇದು. ಹುಡುಗಿಯರಿಗೂ ಹುಡುಗರಿಗೂ ಒಂದೇ ದೂರ, ಒಂದೇ ಗುರಿಹಲಗೆ. ಕೇಳುವುದು ತಾಳ್ಮೆ ಮಾತ್ರ. ಅದನ್ನು ಮಕ್ಕಳಿಗೆ ಕಲಿಸಲು ನಾವು ದೊಡ್ಡವರು ಮೊದಲು ‘ಪದಕ ಯಾವಾಗ?’ ಎಂದು ಕೇಳುವುದನ್ನು ಬಿಡಬೇಕು.